ಗ್ರೀಕ್ ಸಲಾಡ್ ನೀರು ಬಿಡುತ್ತದೆ, ಡ್ರೆಸ್ಸಿಂಗ್ ಒಡೆಯುತ್ತದೆ: ಎಲ್ಲಿ ತಪ್ಪಿದೆ?

ಪ್ರಶ್ನೆ: ನಾವು ಶಿವಮೊಗ್ಗದಲ್ಲಿರುತ್ತೇವೆ. ಪತಿಗೆ ರಕ್ತದೊತ್ತಡವಿದೆ, ತೂಕವೂ ಸ್ವಲ್ಪ ಹೆಚ್ಚು. ಹಸಿ ತರಕಾರಿ ಜಾಸ್ತಿ ತಿನ್ನಿ ಎಂದು ವೈದ್ಯರು ಹೇಳಿದ ಮೇಲೆ ವಾರಕ್ಕೆ ಮೂರು ನಾಲ್ಕು ದಿನ ಗ್ರೀಕ್ ಸಲಾಡ್ ಮಾಡುತ್ತಿದ್ದೇನೆ. ಬೆಳಿಗ್ಗೆ ಏಳಕ್ಕೆ ಕಲಸಿ ಡಬ್ಬಿಗೆ ಹಾಕಿಕೊಟ್ಟರೆ ಮಧ್ಯಾಹ್ನ ತೆರೆಯುವಾಗ ತಳದಲ್ಲಿ ನೀರು ನಿಂತಿರುತ್ತದೆ. ಟೊಮೆಟೊದ ಬೀಜ ತೆಗೆದು ನೋಡಿದೆ. ನೀರು ಕಡಿಮೆಯಾಯಿತು, ರುಚಿಯೂ ಹೋಯಿತು. ಡ್ರೆಸ್ಸಿಂಗ್ ಮನೆಯಲ್ಲೇ ಮಾಡುತ್ತೇನೆ: ಆಲಿವ್ ಎಣ್ಣೆ, ನಿಂಬೆರಸ, ಜಜ್ಜಿದ ಬೆಳ್ಳುಳ್ಳಿ, ಒರೆಗಾನೊ. ಎಷ್ಟು ಕಡೆದರೂ ಹತ್ತು ನಿಮಿಷದಲ್ಲಿ ಎಣ್ಣೆ ಮೇಲೆ, ರಸ ಕೆಳಗೆ. ಫ್ರಿಜ್‌ನಲ್ಲಿಟ್ಟರೆ ಎಣ್ಣೆ ಗಟ್ಟಿಯಾಗುತ್ತದೆ, ಕಲಬೆರಕೆ ಇರಬಹುದೇ? ಆಲಿವ್ ಎಣ್ಣೆ ಕೆಡುವುದಿಲ್ಲ, ಹೊರಗೇ ಇಡಿ ಎಂದು ಪಕ್ಕದ ಮನೆಯವರು ಹೇಳಿದರು. ಹಾಗಾಗಿ ಎರಡು ವಾರಕ್ಕಾಗುವಷ್ಟು ಮಾಡಿ ಅಡುಗೆ ಕಟ್ಟೆಯ ಮೇಲೆ ಬಾಟಲಿಯಲ್ಲಿ ಇಟ್ಟಿದ್ದೇನೆ. ಫೆಟಾ ಚೀಸ್ ದುಬಾರಿ, ಪನೀರ್ ಹಾಕಿದರೆ ನಡೆಯುತ್ತದೆಯೇ? ಮಗಳು ಐದು ತಿಂಗಳ ಬಸುರಿ, ಮುಂದಿನ ತಿಂಗಳು ಬರುತ್ತಾಳೆ. ಅವಳಿಗೆ ಇದನ್ನು ಕೊಡಬಹುದೇ?

ಉತ್ತರ: ನಿಮ್ಮ ಪತ್ರದಲ್ಲಿ ನೀವು ಚಿಂತೆ ಮಾಡಿಕೊಂಡಿರುವ ಸಂಗತಿಗಳಲ್ಲಿ ಹೆಚ್ಚಿನವು ಚಿಂತಿಸಬೇಕಾದವಲ್ಲ. ಚಿಂತಿಸಬೇಕಾದ ಒಂದೇ ಸಂಗತಿಯನ್ನು ನೀವು ನಡುವೆ ಎಲ್ಲೋ ಹೇಳಿ ಮುಂದೆ ಹೋಗಿದ್ದೀರಿ. ಅದು ಕಟ್ಟೆಯ ಮೇಲಿನ ಬಾಟಲಿ. ಹಾಗಾಗಿ ಅಲ್ಲಿಂದಲೇ ಶುರು ಮಾಡುತ್ತೇನೆ.

ದಯವಿಟ್ಟು ಅದನ್ನು ಚೆಲ್ಲಿಬಿಡಿ. ಮೂಸಿ ನೋಡಿ, ನಾಲಿಗೆಗೆ ಹಚ್ಚಿ ನೋಡಿ ತೀರ್ಮಾನಿಸುವ ವಿಷಯ ಇದಲ್ಲ. ಬೆಳ್ಳುಳ್ಳಿ ಮಣ್ಣಿನೊಳಗೆ ಬೆಳೆಯುವ ಗಡ್ಡೆ. ಮಣ್ಣಿನಲ್ಲಿ ಕ್ಲಾಸ್ಟ್ರಿಡಿಯಂ ಬಾಟುಲಿನಮ್ ಎಂಬ ಬ್ಯಾಕ್ಟೀರಿಯಾದ ಬೀಜಕಣಗಳು ಸಾಮಾನ್ಯವಾಗಿ ಇರುತ್ತವೆ, ತೊಳೆದರೂ ಪೂರ್ತಿ ಹೋಗುವುದಿಲ್ಲ. ಗಾಳಿಯಾಡುವ ಜಾಗದಲ್ಲಿ ಅವು ಏನೂ ಮಾಡದೆ ಬಿದ್ದಿರುತ್ತವೆ. ಅವನ್ನು ಎಣ್ಣೆಯಲ್ಲಿ ಮುಳುಗಿಸಿ ಗಾಳಿ ತಪ್ಪಿಸಿದರೆ, ಹುಳಿ ಸಾಲದಿದ್ದರೆ, ಜೊತೆಗೆ ಅಡುಗೆ ಮನೆಯ ಬೆಚ್ಚಗೂ ಸಿಕ್ಕರೆ ಅವು ಮೊಳೆತು ವಿಷ ತಯಾರಿಸುತ್ತವೆ. ಆ ವಿಷಕ್ಕೆ ವಾಸನೆಯಿಲ್ಲ, ರುಚಿಯಿಲ್ಲ. ಎಣ್ಣೆ ಮೊದಲಿನಷ್ಟೇ ಚೆನ್ನಾಗಿ ಕಾಣುತ್ತದೆ. 1985ರಲ್ಲಿ ಕೆನಡಾದ ವ್ಯಾಂಕೂವರ್‌ನಲ್ಲಿ ಒಂದು ಹೋಟೆಲಿನಲ್ಲಿ ಉಂಡ 36 ಜನರಿಗೆ ಈ ವಿಷದಿಂದಾಗುವ ಬಾಟುಲಿಸಂ ಕಾಯಿಲೆ ಬಂದಾಗ ಅದರ ಮೂಲ ಎಣ್ಣೆಯಲ್ಲಿಟ್ಟ ಕೊಚ್ಚಿದ ಬೆಳ್ಳುಳ್ಳಿಯೇ ಆಗಿತ್ತು. 1989ರಲ್ಲಿ ನ್ಯೂಯಾರ್ಕ್ ರಾಜ್ಯದಲ್ಲಿ ಇಂಥದ್ದೇ ಇನ್ನೊಂದು ಪ್ರಕರಣವಾದ ಮೇಲೆ, ಎಣ್ಣೆಯಲ್ಲಿಟ್ಟ ಬೆಳ್ಳುಳ್ಳಿಗೆ ಆಮ್ಲ ಸೇರಿಸಿಯೇ ಮಾರಬೇಕೆಂದು ಅಮೆರಿಕದ ಆಹಾರ ಇಲಾಖೆ ಪಟ್ಟು ಹಿಡಿಯಿತು.

ನಿಮ್ಮ ಡ್ರೆಸ್ಸಿಂಗ್‌ನಲ್ಲಿ ನಿಂಬೆರಸ ಇದೆಯಲ್ಲ ಎಂದು ನೀವು ಕೇಳಬಹುದು. ಇದೆ, ಬರೀ ಎಣ್ಣೆ ಬೆಳ್ಳುಳ್ಳಿಗಿಂತ ಅದು ಖಂಡಿತ ವಾಸಿ. ಆಮ್ಲೀಯತೆಯ ಅಳತೆಯಾದ ಪಿಎಚ್ 4.6ಕ್ಕಿಂತ ಕೆಳಗಿದ್ದರೆ ಈ ಬ್ಯಾಕ್ಟೀರಿಯಾ ಬೆಳೆಯುವುದಿಲ್ಲ. ನಿಂಬೆರಸದ ಪಿಎಚ್ ಸುಮಾರು 2ರ ಆಸುಪಾಸು. ಆದರೆ ನೀವೇ ಬರೆದಿರುವಂತೆ ರಸ ಕೆಳಗಿಳಿದು ಎಣ್ಣೆ ಮೇಲೇರುತ್ತದೆ. ಎಣ್ಣೆಯ ಪದರದಲ್ಲಿ ಸಿಕ್ಕಿಕೊಂಡ ಬೆಳ್ಳುಳ್ಳಿ ಚೂರಿನ ಒಳಗೆ ಹುಳಿ ಎಷ್ಟು ಇಳಿಯಿತು ಎಂದು ಮನೆಯಲ್ಲಿ ಅಳೆಯಲು ಸಾಧ್ಯವಿಲ್ಲ. ಅಳೆಯಲಾಗದ್ದನ್ನು ನಂಬಿ ಎರಡು ವಾರ ಹೊರಗಿಡುವುದು ಬೇಡ. ಬೆಳ್ಳುಳ್ಳಿ ಹಾಕಿದ ಡ್ರೆಸ್ಸಿಂಗ್ ಆಗಿದ್ದರೆ ಮಾಡಿದ ಕೂಡಲೇ ಫ್ರಿಜ್ಜಿಗೆ ಹೋಗಬೇಕು, ಮೂರು ನಾಲ್ಕು ದಿನದಲ್ಲಿ ಮುಗಿಯಬೇಕು. ಉಳಿದರೆ ಚೆಲ್ಲಬೇಕು.

ಈವರೆಗೆ ತಿಂದದ್ದಕ್ಕೆ ಗಾಬರಿಯಾಗಬೇಡಿ. ಈ ಕಾಯಿಲೆ ಅಪರೂಪ. ಬಂದರೆ ಸಾಮಾನ್ಯವಾಗಿ ತಿಂದ ಒಂದೆರಡು ದಿನದಲ್ಲಿ, ಕೆಲವೊಮ್ಮೆ ವಾರದ ಒಳಗೆ, ಗೊತ್ತಾಗುತ್ತದೆ: ಕಣ್ಣಿಗೆ ಒಂದು ಎರಡಾಗಿ ಕಾಣುವುದು, ರೆಪ್ಪೆ ಜೋತು ಬೀಳುವುದು, ನುಂಗಲು ಕಷ್ಟವಾಗುವುದು, ಮಾತು ತೊದಲುವುದು. ಇವುಗಳಲ್ಲಿ ಯಾವುದಾದರೂ ಕಂಡರೆ ಕಾಯದೆ ಆಸ್ಪತ್ರೆಗೆ ಹೋಗಿ, ತಿಂದದ್ದೇನೆಂದು ಹೇಳಿ. ಏನೂ ಇಲ್ಲದಿದ್ದರೆ ನಿಶ್ಚಿಂತೆಯಿಂದಿರಿ.

ಪಕ್ಕದ ಮನೆಯವರ ಮಾತಿನಲ್ಲೂ ಅರ್ಧ ನಿಜವಿದೆ. ಬರೀ ಆಲಿವ್ ಎಣ್ಣೆಯನ್ನು ಕತ್ತಲಲ್ಲಿ, ಬಿಗಿಯಾಗಿ ಮುಚ್ಚಿ ಹೊರಗಿಡಬಹುದು. ಅದರಲ್ಲಿ ನೀರಿಲ್ಲ, ಸೂಕ್ಷ್ಮಜೀವಿ ಬೆಳೆಯುವುದಿಲ್ಲ. ಬೆಳಕು, ಶಾಖ, ಗಾಳಿ ತಾಗಿದರೆ ಕಮಟು ವಾಸನೆ ಬರುತ್ತದೆ, ಅಷ್ಟೇ. ಹಸಿ ಬೆಳ್ಳುಳ್ಳಿ ಅಥವಾ ಹಸಿ ಸೊಪ್ಪು ಬಿದ್ದ ಕ್ಷಣದಿಂದ ಅದು ಬರೀ ಎಣ್ಣೆಯಲ್ಲ.

ಈಗ ನಿಮ್ಮ ಮುಖ್ಯ ದೂರು. ಡ್ರೆಸ್ಸಿಂಗ್ ಏಕೆ ಒಡೆಯುತ್ತದೆ? ಏಕೆಂದರೆ ಅದು ಒಡೆಯಲೇಬೇಕು. ಎಣ್ಣೆಯನ್ನೂ ನಿಂಬೆರಸವನ್ನೂ ಬಲವಾಗಿ ಕಡೆದಾಗ ಎಣ್ಣೆ ಸಣ್ಣ ಹನಿಗಳಾಗಿ ರಸದಲ್ಲಿ ಹರಡಿಕೊಳ್ಳುತ್ತದೆ. ಕಡೆಯುವುದು ನಿಂತ ಮೇಲೆ ಹನಿ ಹನಿಗೆ ತಾಗಿ ಒಂದಾಗುತ್ತಾ ಮೇಲೆ ಬರುತ್ತದೆ. ಹನಿಗಳನ್ನು ದೂರದೂರ ಇಡುವ ಮೂರನೆಯ ಪದಾರ್ಥ ಒಂದು ಬೇಕು. ಮೊಟ್ಟೆಯ ಹಳದಿಯಲ್ಲಿ ಲೆಸಿಥಿನ್ ಆ ಕೆಲಸ ಮಾಡುತ್ತದೆ, ಸಾಸಿವೆಯ ಸಿಪ್ಪೆಯಲ್ಲಿರುವ ಲೋಳೆಯೂ ಮಾಡುತ್ತದೆ. ಅಂಗಡಿಯ ಬಾಟಲಿಯಲ್ಲಿ ತಿಂಗಳುಗಟ್ಟಲೆ ಒಡೆಯದೆ ನಿಂತಿರುವ ಡ್ರೆಸ್ಸಿಂಗ್‌ನ ಹಿಂದೆ ಸಾಮಾನ್ಯವಾಗಿ ಕ್ಸಾಂಥಾನ್ ಗಮ್ ಇರುತ್ತದೆ. ಲೇಬಲ್ ಓದಿ ನೋಡಿ. ನೀವು ನಿಮ್ಮ ಡ್ರೆಸ್ಸಿಂಗನ್ನು ಅದರೊಂದಿಗೆ ಹೋಲಿಸಿಕೊಂಡು ಬೇಸರಪಡುತ್ತಿದ್ದೀರಿ ಎಂದು ನನ್ನ ಊಹೆ.

ಆದರೆ ನಿಜವಾಗಿ ಹೇಳಬೇಕಾದ ಮಾತು ಬೇರೆ ಇದೆ. ಗ್ರೀಸ್‌ನಲ್ಲಿ ಈ ಸಲಾಡಿಗೆ ಯಾರೂ ಡ್ರೆಸ್ಸಿಂಗ್ ಕಡೆಯುವುದಿಲ್ಲ. ಹೋರಿಯಾಟಿಕಿ, ಅಂದರೆ ಹಳ್ಳಿಯ ಸಲಾಡ್ ಎಂದು ಅಲ್ಲಿ ಕರೆಯುವ ಈ ತಿನಿಸಿನಲ್ಲಿ ಟೊಮೆಟೊ, ಸೌತೆಕಾಯಿ, ಈರುಳ್ಳಿ, ಹಸಿರು ದೊಣ್ಣೆ ಮೆಣಸಿನಕಾಯಿ, ಆಲಿವ್ ಕಾಯಿ ಇರುತ್ತವೆ. ಅವುಗಳ ಮೇಲೆ ಫೆಟಾದ ಒಂದು ದಪ್ಪ ಬಿಲ್ಲೆ, ಒಣ ಒರೆಗಾನೊ, ಮತ್ತು ಕೈಬಿಚ್ಚಿ ಸುರಿದ ಆಲಿವ್ ಎಣ್ಣೆ. ಕೆಲವರು ಚೂರು ಕೆಂಪು ವೈನ್ ವಿನೆಗರ್ ಚಿಮುಕಿಸುತ್ತಾರೆ, ಹಲವರು ಅದನ್ನೂ ಹಾಕುವುದಿಲ್ಲ. ಬೆಳ್ಳುಳ್ಳಿ ಸಾಮಾನ್ಯವಾಗಿ ಇಲ್ಲ. ಲೆಟ್ಯೂಸ್ ಎಲೆಯೂ ಇಲ್ಲ. ಅದು ಪರದೇಶದ ಹೋಟೆಲುಗಳು ತಟ್ಟೆ ತುಂಬಿಸಲು ಸೇರಿಸಿಕೊಂಡದ್ದು. ಗ್ರೀಕರು ಲೆಟ್ಯೂಸನ್ನು ಈರುಳ್ಳಿ ಹೂವಿನ ಸೊಪ್ಪು, ಸಬ್ಬಸಿಗೆಯೊಂದಿಗೆ ಬೇರೆಯೇ ಸಲಾಡ್ ಮಾಡುತ್ತಾರೆ, ಅದೂ ಚಳಿಗಾಲ ಮತ್ತು ವಸಂತದಲ್ಲಿ. ಹೋರಿಯಾಟಿಕಿ ಬೇಸಿಗೆಯದ್ದು, ಟೊಮೆಟೊ ಗಿಡದಲ್ಲೇ ಹಣ್ಣಾಗುವ ಕಾಲದ್ದು. ಟೊಮೆಟೊ ಗ್ರೀಸಿಗೆ ಬಂದದ್ದೇ 19ನೆಯ ಶತಮಾನದ ಆರಂಭದಲ್ಲಿ. ಹಾಗಾಗಿ ಪ್ಲೇಟೊ ತಿಂದ ಸಲಾಡ್ ಎಂಬಂಥ ಜಾಹೀರಾತು ಕಂಡರೆ ನಕ್ಕು ಮುಂದೆ ಹೋಗಿ.

ಹಾಗಾದರೆ ಡ್ರೆಸ್ಸಿಂಗ್ ಎಲ್ಲಿಂದ ಬರುತ್ತದೆ? ತಟ್ಟೆಯಲ್ಲೇ ಆಗುತ್ತದೆ. ಹೆಚ್ಚಿದ ಟೊಮೆಟೊ ಮೇಲೆ ಉಪ್ಪು ಬಿದ್ದ ಕೂಡಲೇ ಹುಳಿಸಿಹಿ ರಸ ಒಸರುತ್ತದೆ. ಅದರ ಮೇಲೆ ಎಣ್ಣೆ ಸುರಿಯುತ್ತದೆ. ಫೆಟಾದ ಉಪ್ಪುನೀರು, ಆಲಿವ್‌ನ ಒಗರು ಅದಕ್ಕೆ ಸೇರುತ್ತವೆ. ತಿನ್ನುವವರು ಫೆಟಾವನ್ನು ಫೋರ್ಕಿನಿಂದ ಮುರಿದು ಬೆರೆಸುವಾಗ ಚೀಸಿನ ಪುಡಿ ಆ ರಸದಲ್ಲಿ ಕದಡಿ ಬಿಳಿ ಬಣ್ಣಕ್ಕೆ ತಿರುಗಿ ಸ್ವಲ್ಪ ದಪ್ಪವಾಗುತ್ತದೆ. ಕೊನೆಗೆ ತಟ್ಟೆಯ ತಳದಲ್ಲಿ ನಿಂತ ಈ ರಸಕ್ಕೆ ಬ್ರೆಡ್ ಅದ್ದಿ ಒರೆಸಿ ತಿನ್ನುವುದಕ್ಕೆ ಅಲ್ಲಿ ‘ಪಾಪಾರಾ’ ಎಂಬ ಹೆಸರೇ ಇದೆ. ನೀವು ನೀರು ಎಂದು ಬೇಸರಪಟ್ಟುಕೊಂಡು ಚೆಲ್ಲುತ್ತಿರುವುದು ಈ ತಿನಿಸಿನ ಅತ್ಯಂತ ರುಚಿಯ ಭಾಗ. ನಮ್ಮಲ್ಲಿ ಬ್ರೆಡ್ಡೇ ಆಗಬೇಕೆಂದಿಲ್ಲ, ಮೆತ್ತನೆಯ ಚಪಾತಿಯ ಚೂರೂ ಆದೀತು.

ಹೀಗೆ ನೋಡಿದರೆ ಬೀಜ ತೆಗೆದದ್ದಕ್ಕೆ ರುಚಿ ಏಕೆ ಹೋಯಿತು ಎಂಬುದೂ ಗೊತ್ತಾಗುತ್ತದೆ. ಟೊಮೆಟೊದ ಬೀಜ ಸುತ್ತಲಿನ ಲೋಳೆಯಲ್ಲಿ ಹುಳಿ ಹೆಚ್ಚು. ನಾಲಿಗೆಗೆ ಮಾಂಸಲ ರುಚಿ ಕೊಡುವ ಗ್ಲುಟಮೇಟ್ ಕೂಡ ಹೊರಗಿನ ತಿರುಳಿಗಿಂತ ಅದರಲ್ಲೇ ಹೆಚ್ಚು. ಅದನ್ನು ಕೆರೆದು ತೆಗೆದರೆ ಉಳಿಯುವುದು ಸಪ್ಪೆ ತಿರುಳು ಮಾತ್ರ.

ನೀರು ಬಿಡುವುದಕ್ಕೆ ಕಾರಣ ಉಪ್ಪು ಮತ್ತು ಸಮಯ. ಸೌತೆಕಾಯಿ ಹೋಳೊಂದಕ್ಕೆ ಉಪ್ಪು ಚಿಮುಕಿಸಿ ಐದು ನಿಮಿಷ ಸುಮ್ಮನೆ ನೋಡಿ: ಮೊದಲು ಮೇಲ್ಮೈ ಒದ್ದೆಯಾಗಿ ಹೊಳೆಯುತ್ತದೆ, ಆಮೇಲೆ ಸಣ್ಣ ಹನಿಗಳು ಮೂಡುತ್ತವೆ, ಅವು ಕೂಡಿಕೊಂಡು ಅಂಚಿನಲ್ಲಿ ಇಳಿಯುತ್ತವೆ. ಹೋಳಿನ ಒಳಗಿಗಿಂತ ಹೊರಗೆ ಉಪ್ಪು ಹೆಚ್ಚಾದರೆ ಒಳಗಿನ ನೀರು ಹೊರಗೆ ಬರುತ್ತದೆ. ಸೌತೆಕಾಯಿ, ಟೊಮೆಟೊ ಎರಡರಲ್ಲೂ ನೂರಕ್ಕೆ 95ರಷ್ಟು ನೀರೇ ಇರುವಾಗ ಆರು ಗಂಟೆಯಲ್ಲಿ ಡಬ್ಬಿಯಲ್ಲಿ ನೀರು ನಿಲ್ಲದೆ ಇನ್ನೇನಾಗುತ್ತದೆ? ಕೋಸಂಬರಿ ಮಾಡುವ ಕೈಗೆ ಇದು ಹೊಸದಲ್ಲ. ರಾಮನವಮಿಯ ದಿನ ಪಾನಕದ ಜೊತೆಗೆ ಹಂಚುವ ಹೊತ್ತಿಗೆ ಸರಿಯಾಗಿ ಉಪ್ಪು ಬೆರೆಸುತ್ತೇವೆಯೇ ಹೊರತು ಬೆಳಿಗ್ಗೆಯೇ ಬೆರೆಸಿಡುವುದಿಲ್ಲ. ಗ್ರೀಕ್ ಸಲಾಡಿಗೂ ಅದೇ ನಿಯಮ. ಹೆಸರು ಬೇರೆಯಾದ ಕೂಡಲೇ ನಾವು ನಮಗೆ ಗೊತ್ತಿದ್ದದ್ದನ್ನು ಮರೆತುಬಿಡುತ್ತೇವೆ.

ಇನ್ನು ಫ್ರಿಜ್‌ನಲ್ಲಿ ಎಣ್ಣೆ ಗಟ್ಟಿಯಾದದ್ದು. ಇದರ ಸುತ್ತ ಎರಡು ಕಥೆಗಳು ಓಡಾಡುತ್ತಿವೆ: ಗಟ್ಟಿಯಾದರೆ ಕಲಬೆರಕೆ ಎಂದು ಒಂದು, ಗಟ್ಟಿಯಾದರೆ ಮಾತ್ರ ಅಸಲಿ ಎಂದು ಇನ್ನೊಂದು. ಎರಡೂ ಸುಳ್ಳು. ಆಲಿವ್ ತಳಿ, ಎಣ್ಣೆಯಲ್ಲಿನ ಕೊಬ್ಬಿನಾಮ್ಲಗಳ ಮತ್ತು ಮೇಣದ ಪ್ರಮಾಣ, ನಿಮ್ಮ ಫ್ರಿಜ್ ಎಷ್ಟು ತಣ್ಣಗಿದೆ ಎಂಬುದರ ಮೇಲೆ ಒಂದು ಎಣ್ಣೆ ಹೆಪ್ಪುಗಟ್ಟುತ್ತದೆ, ಇನ್ನೊಂದು ಮಬ್ಬಾಗುತ್ತದೆ, ಮತ್ತೊಂದು ಹಾಗೇ ಇರುತ್ತದೆ. ಹೊರಗೆ ಕಾಲು ಗಂಟೆ ಇಟ್ಟರೆ ಮತ್ತೆ ಹರಿಯುತ್ತದೆ, ಗುಣಕ್ಕೆ ಏನೂ ಕುಂದಿಲ್ಲ. ಕಲಬೆರಕೆಯನ್ನು ಪ್ರಯೋಗಾಲಯದಲ್ಲೇ ಪತ್ತೆ ಮಾಡಬೇಕು.

ಮನೆಯಲ್ಲಿ ಮಾಡಬಹುದಾದದ್ದು ಲೇಬಲ್ ಓದುವುದು ಮತ್ತು ರುಚಿ ನೋಡುವುದು. ಸಲಾಡಿಗೆ ‘ಎಕ್ಸ್‌ಟ್ರಾ ವರ್ಜಿನ್’ ಬೇಕು. ಅದರ ಆಮ್ಲಾಂಶ 0.8 ಶೇಕಡ ಮೀರುವಂತಿಲ್ಲ ಎಂಬುದು ನಿಯಮ. ನಮ್ಮ ಅಂಗಡಿಗಳಲ್ಲಿ ಅದರ ಪಕ್ಕದಲ್ಲೇ ಕಡಿಮೆ ಬೆಲೆಗೆ ನಿಂತಿರುವ ‘ಪೋಮೇಸ್’ ಎಣ್ಣೆ ಎಂದರೆ ಹಿಂಡಿದ ನಂತರದ ಚರಟದಿಂದ ದ್ರಾವಕ ಬಳಸಿ ತೆಗೆದು ಶುದ್ಧೀಕರಿಸಿದ್ದು. ಒಗ್ಗರಣೆಗೆ, ಕರಿಯಲು ತೊಂದರೆಯಿಲ್ಲ. ಸಲಾಡಿನಲ್ಲಿ ಅದಕ್ಕೆ ಹೇಳಲು ಏನೂ ಇಲ್ಲ. ‘ಲೈಟ್’ ಎಂದು ಬರೆದಿದ್ದರೆ ಹಗುರವಾಗಿರುವುದು ಬಣ್ಣ ಮತ್ತು ರುಚಿ ಮಾತ್ರ, ಕೊಬ್ಬು ಅಷ್ಟೇ ಇರುತ್ತದೆ. ಒಳ್ಳೆಯ ಎಕ್ಸ್‌ಟ್ರಾ ವರ್ಜಿನ್ ಎಣ್ಣೆಯನ್ನು ಒಂದು ಚಮಚ ಹಾಗೇ ಕುಡಿದರೆ ಹಸಿ ಹುಲ್ಲಿನ ವಾಸನೆ, ಸ್ವಲ್ಪ ಕಹಿ, ನುಂಗಿದ ಮೇಲೆ ಗಂಟಲಲ್ಲಿ ಕಾಳುಮೆಣಸಿನಂಥ ಚುರುಕು ಬರುತ್ತದೆ, ಕೆಮ್ಮೂ ಬರಬಹುದು. ಆ ಚುರುಕು ಓಲಿಯೊಕ್ಯಾಂಥಾಲ್ ಎಂಬ ಅಂಶದ್ದು, ದೋಷವಲ್ಲ. ಕಮಟು ವಾಸನೆ ಬಂದರೆ ಮಾತ್ರ ದೋಷ. ಸಣ್ಣ ಬಾಟಲಿ ಕೊಳ್ಳಿ, ಗಾಢ ಬಣ್ಣದ ಗಾಜಿನದಾದರೆ ಒಳ್ಳೆಯದು, ತೆರೆದ ಮೇಲೆ ಒಂದೆರಡು ತಿಂಗಳಲ್ಲಿ ಮುಗಿಸಿ, ಒಲೆಯ ಪಕ್ಕ ಇಡಬೇಡಿ. ಇನ್ನೊಂದು ಮಾತು: ಈ ಎಣ್ಣೆಯನ್ನು ಮಿಕ್ಸಿಯಲ್ಲಿ ತಿರುಗಿಸಿದರೆ ಕಹಿ ಮುಂದೆ ಬರುತ್ತದೆ. ಹೋಟೆಲ್ ಅಡುಗೆ ಮನೆಗಳಲ್ಲಿ ಈ ಕಾರಣಕ್ಕೆ ಚೆಲ್ಲಿದ ಡ್ರೆಸ್ಸಿಂಗನ್ನು ಬೇಕಾದಷ್ಟು ನೋಡಿದ್ದೇನೆ. ಕೈಯಲ್ಲಿ ಕಡೆಯಿರಿ, ಅಥವಾ ಮುಚ್ಚಳದ ಬಾಟಲಿಯಲ್ಲಿ ಕುಲುಕಿ.

ಹೀಗಾಗಿ ಡ್ರೆಸ್ಸಿಂಗ್ ವಿಷಯದಲ್ಲಿ ನಿಮ್ಮ ಮುಂದೆ ಎರಡು ದಾರಿ. ನನ್ನ ಒಲವು ಮೊದಲನೆಯದಕ್ಕೆ: ಏನನ್ನೂ ಮಾಡಿಡಬೇಡಿ. ನಾಲ್ಕು ಜನಕ್ಕೆ ಅರ್ಧ ಕಿಲೊ ಟೊಮೆಟೊ, ಒಂದು ಸೌತೆಕಾಯಿ, ಒಂದು ಸಣ್ಣ ಈರುಳ್ಳಿ, ಒಂದು ಸಣ್ಣ ದೊಣ್ಣೆ ಮೆಣಸಿನಕಾಯಿ, ಹತ್ತು ಹನ್ನೆರಡು ಆಲಿವ್. ಟೊಮೆಟೊವನ್ನು ಒಂದೊಂದೂ ಒಂದು ತುತ್ತಾಗುವಂತೆ ದಪ್ಪ ಹೋಳು ಮಾಡಿ, ಚಿಟಿಕೆ ಉಪ್ಪು ಹಾಕಿ, ಉಳಿದದ್ದನ್ನು ಹೆಚ್ಚುವಷ್ಟು ಹೊತ್ತು ಬಿಡಿ. ಅಷ್ಟರಲ್ಲಿ ಬೇಕಾದಷ್ಟು ರಸ ಬಂದಿರುತ್ತದೆ. ಉಳಿದದ್ದನ್ನು ಸೇರಿಸಿ, ಅರ್ಧ ಚಮಚ ಒರೆಗಾನೊವನ್ನು ಅಂಗೈಯಲ್ಲಿ ಉಜ್ಜಿ ಉದುರಿಸಿ, ಮೂರು ನಾಲ್ಕು ದೊಡ್ಡ ಚಮಚ ಎಣ್ಣೆ, ಬೇಕೆನಿಸಿದರೆ ಎರಡು ಚಿಕ್ಕ ಚಮಚ ವಿನೆಗರ್ ಅಥವಾ ನಿಂಬೆರಸ ಹಾಕಿ. ಮೇಲೆ ಚೀಸ್. ಬಟ್ಟಲು ನೇರ ಊಟದ ಮೇಜಿಗೆ ಹೋಗಲಿ. ಬೆಳ್ಳುಳ್ಳಿಯ ಘಮ ಬೇಕೇಬೇಕೆಂದರೆ ಎಸಳನ್ನು ಅಡ್ಡಕ್ಕೆ ಕತ್ತರಿಸಿ ಬಟ್ಟಲಿನ ಒಳಗೋಡೆಗೆ ಉಜ್ಜಿ ತೆಗೆದುಬಿಡಿ.

ಎರಡನೆಯದು, ಬೆಳಿಗ್ಗೆಯ ಗಡಿಬಿಡಿಗೆ ಮಾಡಿಟ್ಟುಕೊಳ್ಳಲೇಬೇಕು ಎನ್ನುವವರಿಗೆ: ಮೂರು ಪಾಲು ಎಣ್ಣೆ, ಒಂದು ಪಾಲು ವಿನೆಗರ್ ಅಥವಾ ನಿಂಬೆರಸ, ಅರ್ಧ ಚಮಚ ಸಿದ್ಧ ಸಾಸಿವೆ ಪೇಸ್ಟ್, ಒಣ ಒರೆಗಾನೊ. ಬೆಳ್ಳುಳ್ಳಿ ಬೇಡ. ಕುಲುಕಿದರೆ ಗಂಟೆಗಟ್ಟಲೆ ಒಡೆಯದೆ ನಿಲ್ಲುತ್ತದೆ, ಫ್ರಿಜ್‌ನಲ್ಲಿ ಒಂದು ವಾರ ಇರುತ್ತದೆ. ಇದು ಗ್ರೀಸ್‌ನ ಪದ್ಧತಿಯಲ್ಲ, ಫ್ರಾನ್ಸ್‌ನ ವಿನೆಗ್ರೆಟ್. ರುಚಿಗೆ ಮೋಸವಿಲ್ಲ.

ಡಬ್ಬಿಗೆ ಬೆಳಿಗ್ಗೆ ಏಳಕ್ಕೆ ಕಲಸಿ ಕೊಡುವುದನ್ನು ನಿಲ್ಲಿಸಿ. ಚೆರ್ರಿ ಟೊಮೆಟೊ ಸಿಕ್ಕರೆ ಇಡಿಯಾಗಿ ಹಾಕಿ, ಸಿಪ್ಪೆ ಒಡೆಯದ ಹಣ್ಣು ರಸ ಬಿಡುವುದಿಲ್ಲ. ಸೌತೆಕಾಯಿಯನ್ನು ತೆಳು ಬಿಲ್ಲೆ ಮಾಡದೆ ಉದ್ದನೆಯ ದಪ್ಪ ತುಂಡು ಮಾಡಿ. ಉಪ್ಪು ಬೇಡ. ಚೀಸ್ ಮತ್ತು ಆಲಿವ್ ಬೇರೆ ಪುಟ್ಟ ಡಬ್ಬಿಯಲ್ಲಿ, ಎಣ್ಣೆ ನಿಂಬೆರಸ ಔಷಧದ ಬಾಟಲಿಯಷ್ಟು ಚಿಕ್ಕದರಲ್ಲಿ. ಊಟದ ಹೊತ್ತಿಗೆ ಅವರೇ ಬೆರೆಸಿಕೊಳ್ಳಲಿ. ಹೆಚ್ಚಿದ ಹಸಿ ತರಕಾರಿ, ಚೀಸ್ ಎರಡನ್ನೂ ಬೇಸಿಗೆಯಲ್ಲಿ ಆರು ಗಂಟೆ ಬ್ಯಾಗಿನಲ್ಲಿಡುವುದು ನೀರಿನ ಪ್ರಶ್ನೆಯಷ್ಟೇ ಅಲ್ಲ, ಹೊಟ್ಟೆಯ ಪ್ರಶ್ನೆಯೂ ಹೌದು. ಕಚೇರಿಯಲ್ಲಿ ಫ್ರಿಜ್ ಇದ್ದರೆ ಅಲ್ಲಿಡಲಿ, ಇಲ್ಲದಿದ್ದರೆ ಹೆಪ್ಪುಗಟ್ಟಿಸಿದ ಜೆಲ್ ಪ್ಯಾಕ್ ಒಂದನ್ನು ಜೊತೆಗಿಡಿ. ಅದೂ ಆಗದಿದ್ದರೆ ಈ ಸಲಾಡನ್ನು ರಾತ್ರಿ ಊಟಕ್ಕೆ ಮಾಡಿ. ನನ್ನನ್ನು ಕೇಳಿದರೆ ಅದೇ ಸರಿ.

ತರಕಾರಿಯ ಆಯ್ಕೆ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ, ಏಕೆಂದರೆ ಸಲಾಡಿನ ಮುಕ್ಕಾಲು ಪಾಲು ಅದೇ. ಕೋಲಾರದಿಂದ ಲಾರಿ ಹತ್ತುವ ಹೈಬ್ರಿಡ್ ಟೊಮೆಟೊ ದೂರದ ಪ್ರಯಾಣ ತಾಳಲೆಂದು ಗಟ್ಟಿ ಸಿಪ್ಪೆಯದು, ಸಾರಿಗೆ ಚೆನ್ನ, ಸಲಾಡಿನಲ್ಲಿ ಪೆಚ್ಚು. ನಾಟಿ ಟೊಮೆಟೊಗೆ ರಸವೂ ಹುಳಿಯೂ ಇದೆ. ಅದನ್ನು ಹಾಕಿದ ದಿನ ನಿಂಬೆರಸ ಬೇಡವೇ ಬೇಡ. ಯಾವುದೇ ಆಗಲಿ, ಹಣ್ಣಾಗುವವರೆಗೆ ಬುಟ್ಟಿಯಲ್ಲಿ ಹೊರಗಿಡಿ. 12 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ದಿನಗಟ್ಟಲೆ ಇಟ್ಟ ಟೊಮೆಟೊ ತನ್ನ ಪರಿಮಳವನ್ನು ತಯಾರಿಸುವುದನ್ನೇ ನಿಲ್ಲಿಸುತ್ತದೆ, ಹೊರಗೆ ತೆಗೆದ ಮೇಲೂ ಪೂರ್ತಿ ಮರಳುವುದಿಲ್ಲ. ಸೌತೆಕಾಯಿಯ ತುದಿ ಕತ್ತರಿಸಿ ನೊರೆ ಬರುವವರೆಗೆ ಉಜ್ಜಿದರೆ ಕಹಿ ಇಳಿಯುತ್ತದೆ ಎಂಬುದು ನಮ್ಮ ಮನೆಗಳ ಹಳೆಯ ನಂಬಿಕೆ. ಕಹಿಗೆ ಕಾರಣವಾದ ಕುಕುರ್ಬಿಟಾಸಿನ್ ಹೆಚ್ಚಾಗಿ ತೊಟ್ಟಿನ ಕಡೆ ಮತ್ತು ಸಿಪ್ಪೆಯ ಕೆಳಗೆ ಇರುತ್ತದೆ. ತುದಿ ಕತ್ತರಿಸಿ ಎಸೆಯುವುದರಿಂದ ಪ್ರಯೋಜನವಾಗುತ್ತದೆ, ಉಜ್ಜುವುದು ಶಾಸ್ತ್ರಕ್ಕೆ. ತುಂಬಾ ಕಹಿಯಾದ ಸೌತೆಕಾಯಿಯನ್ನು ಮಾತ್ರ ತಿನ್ನಬೇಡಿ, ಹೊಟ್ಟೆ ಕೆಡುತ್ತದೆ. ಈರುಳ್ಳಿಯ ಘಾಟು ಹೆಚ್ಚೆನಿಸಿದರೆ ತೆಳ್ಳಗೆ ಹೆಚ್ಚಿ ಹತ್ತು ನಿಮಿಷ ತಣ್ಣೀರಿನಲ್ಲಿ ಹಾಕಿ ಹಿಂಡಿ.

ಫೆಟಾ ದುಬಾರಿ ಎನ್ನುವುದು ನಿಜ, ಅದಕ್ಕೆ ಕಾರಣವೂ ಇದೆ. ಯುರೋಪಿನ ಒಕ್ಕೂಟದಲ್ಲಿ 2002ರಿಂದ ಫೆಟಾ ಎಂಬುದು ಸಂರಕ್ಷಿತ ಹೆಸರು. ಗ್ರೀಸ್‌ನ ನಿರ್ದಿಷ್ಟ ಪ್ರದೇಶಗಳಲ್ಲಿ ಕುರಿಯ ಹಾಲಿನಿಂದ, ಅದಕ್ಕೆ ಶೇಕಡ 30ರವರೆಗೆ ಮೇಕೆ ಹಾಲು ಸೇರಿಸಿ ಮಾಡಿದ್ದು, ಕನಿಷ್ಠ ಎರಡು ತಿಂಗಳು ಮಾಗಿದ್ದು ಮಾತ್ರ ಫೆಟಾ. ಡೆನ್ಮಾರ್ಕ್ ಮತ್ತು ಜರ್ಮನಿ ಇದನ್ನು ಪ್ರಶ್ನಿಸಿ 2005ರಲ್ಲಿ ನ್ಯಾಯಾಲಯದಲ್ಲಿ ಸೋತವು. ನಮ್ಮಲ್ಲಿ ಆ ಹೆಸರಿನಲ್ಲಿ ಸಿಗುವುದು ಬಹುಪಾಲು ಹಸುವಿನ ಹಾಲಿನದು. ಉಪ್ಪುಹುಳಿ ಇರುತ್ತದೆ, ಕುರಿ ಹಾಲಿನ ಖಾರವಾದ ಘಮ ಇರುವುದಿಲ್ಲ. ಸಸ್ಯಾಹಾರಿಗಳಾಗಿದ್ದರೆ ಹಸಿರು ಚುಕ್ಕೆ ನೋಡಿ ಕೊಳ್ಳಿ, ಹಾಲು ಹೆಪ್ಪುಗಟ್ಟಿಸುವ ರೆನೆಟ್ ಸಾಂಪ್ರದಾಯಿಕವಾಗಿ ಕರುವಿನ ಅಥವಾ ಕುರಿಮರಿಯ ಹೊಟ್ಟೆಯಿಂದ ಬರುವಂಥದ್ದು.

ಪನೀರ್ ಹಾಕುವುದು ಪಾಪವಲ್ಲ, ಆದರೆ ಹಾಗೇ ಹಾಕಿದರೆ ಸಪ್ಪೆ. ಬಿಸಿ ಹಾಲಿಗೆ ಹುಳಿ ಹಿಂಡಿ ಒಡೆಸಿದ ಪನೀರಿನಲ್ಲಿ ಉಪ್ಪೂ ಇಲ್ಲ, ಮಾಗಿದ ಹುಳಿಯೂ ಇಲ್ಲ, ಸಲಾಡ್ ಕೇಳುವುದು ಅವೆರಡನ್ನೇ. ಕಾಲು ಲೀಟರ್ ನೀರು ಕುದಿಸಿ ಆರಿಸಿ, ಮೂರು ಚಿಕ್ಕ ಚಮಚ ಉಪ್ಪು, ಎರಡು ಚಮಚ ವಿನೆಗರ್ ಕರಗಿಸಿ, ಅದರಲ್ಲಿ ತಾಜಾ ಪನೀರಿನ ದಪ್ಪ ಬಿಲ್ಲೆಯನ್ನು ಮುಳುಗಿಸಿ ರಾತ್ರಿಯಿಡೀ ಫ್ರಿಜ್‌ನಲ್ಲಿಡಿ. ಎರಡು ಮೂರು ದಿನ ಬಳಸಬಹುದು. ಫೆಟಾ ಆಗುವುದಿಲ್ಲ, ಆದರೆ ತಟ್ಟೆಯಲ್ಲಿ ತನ್ನ ಕೆಲಸ ಮಾಡುತ್ತದೆ. ಗಟ್ಟಿ ಮೊಸರನ್ನು ಬಟ್ಟೆಯಲ್ಲಿ ಕಟ್ಟಿ ನೀರು ಇಳಿಸಿ ಉಪ್ಪು ಬೆರೆಸಿದರೆ ಹುಳಿಯಲ್ಲಿ ಇನ್ನೂ ಹತ್ತಿರ ಬರುತ್ತದೆ, ಬಿಲ್ಲೆಯಾಗಿ ನಿಲ್ಲುವುದಿಲ್ಲ ಅಷ್ಟೇ.

ಆಲಿವ್ ಕೊಳ್ಳುವಾಗ ಉಂಗುರ ಉಂಗುರವಾಗಿ ಕತ್ತರಿಸಿದ, ಶಾಯಿಯಂತೆ ಒಂದೇ ಸಮ ಕಪ್ಪಗಿರುವುದನ್ನು ಬಿಡಿ. ಅವು ಕಾಯಾಗಿರುವಾಗಲೇ ಕೊಯ್ದು ಕ್ಷಾರದಲ್ಲಿ ನೆನೆಸಿ ಗಾಳಿ ಹಾಯಿಸಿ ಕಪ್ಪಾಗಿಸಿದವು. ಬಣ್ಣ ನಿಲ್ಲಲು ಫೆರಸ್ ಗ್ಲುಕೋನೇಟ್ ಹಾಕಿರುತ್ತಾರೆ. ಅಪಾಯವೇನಿಲ್ಲ, ರುಚಿಯೂ ಏನಿಲ್ಲ. ಕಲಮಾಟಾ ಆಲಿವ್ ನೇರಳೆ ಕಂದು ಬಣ್ಣದ, ಬಾದಾಮಿ ಆಕಾರದ ಹಣ್ಣು, ಅದರ ಕಾಲು ಭಾಗ ಹಾಕಿದರೂ ಸಾಕಾಗುತ್ತದೆ. ಪಿಜ್ಜಾ ಜೊತೆ ಬರುವ ಪೊಟ್ಟಣ ಎಷ್ಟೋ ಸಲ ಬರೀ ಒರೆಗಾನೊ ಆಗಿರುವುದಿಲ್ಲ, ಉಪ್ಪು ಖಾರ ಬೆರೆಸಿದ ಮಸಾಲೆಯಾಗಿರುತ್ತದೆ. ಹಿತ್ತಲಲ್ಲಿ ದೊಡ್ಡಪತ್ರೆ ಇದ್ದರೆ ಒಂದೇ ಎಲೆಯನ್ನು ಸಣ್ಣಗೆ ಹೆಚ್ಚಿ ಹಾಕಿ ನೋಡಿ. ಒರೆಗಾನೊಗೆ ಘಮ ಕೊಡುವ ಕಾರ್ವಕ್ರಾಲ್ ಅದರಲ್ಲೂ ಇದೆ. ಗ್ರೀಸ್‌ನ ಹಲವು ಮನೆಗಳಲ್ಲಿ ಬೇಸಿಗೆಯ ಸಲಾಡಿಗೆ ‘ಗ್ಲಿಸ್ತ್ರಿದಾ’ ಎಂಬ ಸೊಪ್ಪನ್ನೂ ಹಾಕುತ್ತಾರೆ. ಅದು ಬೇರೇನಲ್ಲ, ನಮ್ಮ ಸಂತೆಯಲ್ಲಿ ಸಿಗುವ ಗೋಣಿಸೊಪ್ಪು. ಎಳೆಯ ಕುಡಿಯನ್ನು ಹಸಿಯಾಗಿಯೇ ಹಾಕಬಹುದು, ತುಸು ಹುಳಿ, ಕಚ್ಚಿದರೆ ಕರುಮ್ ಎನ್ನುತ್ತದೆ.

ನಿಮ್ಮ ಪತಿಯ ವಿಷಯದಲ್ಲಿ ಎರಡು ಎಚ್ಚರಿಕೆ. ನೂರು ಗ್ರಾಂ ಫೆಟಾದಲ್ಲಿ ಸುಮಾರು 2ರಿಂದ 3 ಗ್ರಾಂ ಉಪ್ಪಿರುತ್ತದೆ. ಇಡೀ ದಿನಕ್ಕೆ 5 ಗ್ರಾಂ ಮೀರಬಾರದು ಎನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಮಾತು. ಅದರ ಮೇಲೆ ಆಲಿವ್‌ನ ಉಪ್ಪು ಬೇರೆ. ಹಾಗಾಗಿ ಅವರ ಪಾಲಿಗೆ ಚೀಸ್ 25 ರಿಂದ 30 ಗ್ರಾಂ ಸಾಕು. ಅದನ್ನು ಅರ್ಧ ಗಂಟೆ ಸಾದಾ ನೀರಿನಲ್ಲಿಟ್ಟು, ಆಲಿವ್ ತೊಳೆದು ಹಾಕಿ. ಟೊಮೆಟೊಗೆ ಬೇರೆ ಉಪ್ಪು ಬೇಡ, ಹುಳಿ ಸ್ವಲ್ಪ ಹೆಚ್ಚಿಸಿದರೆ ಉಪ್ಪಿನ ಕೊರತೆ ಅಷ್ಟಾಗಿ ಕಾಣುವುದಿಲ್ಲ. ಮೇಲೆ ಹೇಳಿದ ಉಪ್ಪುನೀರಿನ ಪನೀರಿಗೂ ಇದೇ ಮಾತು. ಅವರಿಗಾಗಿ ಮಾಡುವಾಗ ಒಂದೇ ಚಮಚ ಉಪ್ಪು ಹಾಕಿ. ಎರಡನೆಯದು ಎಣ್ಣೆ. ಸಲಾಡ್ ಎಂದ ಕೂಡಲೇ ತೂಕ ಇಳಿಯುತ್ತದೆ ಎಂದುಕೊಳ್ಳುತ್ತಾರೆ. ಒಂದು ದೊಡ್ಡ ಚಮಚ ಆಲಿವ್ ಎಣ್ಣೆ 120 ಕ್ಯಾಲೊರಿ. ಒಳ್ಳೆಯ ಕೊಬ್ಬು ನಿಜ, ಆದರೂ ಕೊಬ್ಬೇ. ಅವರ ತಟ್ಟೆಗೆ ಒಂದು ಚಮಚ ಅಳೆದು ಹಾಕಿ, ಆ ದಿನದ ಪಲ್ಯದ ಒಗ್ಗರಣೆಯಲ್ಲಿ ಅಷ್ಟು ಕಡಿಮೆ ಮಾಡಿ.

ಮಗಳಿಗೆ ಕೊಡಬಹುದು, ಒಂದು ಷರತ್ತಿನ ಮೇಲೆ. ಬಸುರಿಯರು ಭಯಪಡಬೇಕಾದದ್ದು ಲಿಸ್ಟೀರಿಯಾ ಎಂಬ ಬ್ಯಾಕ್ಟೀರಿಯಾಕ್ಕೆ. ಅದು ಫ್ರಿಜ್‌ನ ತಂಪಿನಲ್ಲೂ ಬೆಳೆಯುತ್ತದೆ. ತಾಯಿಗೆ ಸಣ್ಣ ಜ್ವರದಂತೆ ಬಂದು ಹೋಗಬಹುದು, ಹೊಟ್ಟೆಯಲ್ಲಿರುವ ಮಗುವಿಗೆ ಮಾತ್ರ ಅಪಾಯ ದೊಡ್ಡದು. ಪಾಶ್ಚರೀಕರಿಸದ ಹಾಲಿನ ಮೆತ್ತನೆಯ ಚೀಸ್‌ಗಳಲ್ಲಿ ಈ ಭಯ ಹೆಚ್ಚು. ಪೊಟ್ಟಣದ ಮೇಲೆ ಪಾಶ್ಚರೀಕರಿಸಿದ ಹಾಲು ಎಂದು ಸ್ಪಷ್ಟವಾಗಿ ಬರೆದಿದ್ದರೆ ಸರಿ. ಅಂಗಡಿಯವರು ದೊಡ್ಡ ಡಬ್ಬಿಯಿಂದ ತೆಗೆದು ತೂಗಿ ಕೊಡುವ ಚೀಸ್ ಬೇಡ. ಪನೀರನ್ನು ನೀವೇ ಹಾಲು ಕಾಯಿಸಿ ಮಾಡಿದರೆ ಅಂದೇ ಬಳಸಿ; ಅವಳ ಪಾಲಿಗೆ ಉಪ್ಪುನೀರಿನಲ್ಲಿ ದಿನಗಟ್ಟಲೆ ಇಡುವುದು ಬೇಡ. ತರಕಾರಿಯನ್ನು ಬಟ್ಟಲಿನಲ್ಲಿ ನೆನೆಹಾಕುವುದಕ್ಕಿಂತ ನಲ್ಲಿಯ ಕೆಳಗೆ ಹಿಡಿದು ಕೈಯಿಂದ ಉಜ್ಜಿ ತೊಳೆಯುವುದು ಮುಖ್ಯ. ಉಪ್ಪು ಅಥವಾ ವಿನೆಗರ್ ನೀರು ಸ್ವಲ್ಪ ಸಹಾಯ ಮಾಡುತ್ತದೆ, ಎಲ್ಲವನ್ನೂ ಕೊಲ್ಲುವುದಿಲ್ಲ. ಸೌತೆಕಾಯಿಯನ್ನು ತೊಳೆದ ಮೇಲೆಯೇ ಸಿಪ್ಪೆ ತೆಗೆಯಿರಿ, ಇಲ್ಲದಿದ್ದರೆ ಹೊರಗಿನ ಮಣ್ಣನ್ನು ಚಾಕುವೇ ಒಳಗೆ ಒಯ್ಯುತ್ತದೆ. ಗೋಣಿಸೊಪ್ಪನ್ನು ಅವಳಿಗೆ ಹಸಿಯಾಗಿ ಕೊಡಬೇಡಿ, ನೆಲಕ್ಕೆ ಅಂಟಿಕೊಂಡು ಬೆಳೆಯುವ ಸೊಪ್ಪದು. ಹೆಚ್ಚಿದ್ದನ್ನು ಆಗಲೇ ತಿನ್ನಲಿ, ಉಳಿದದ್ದನ್ನು ಸಂಜೆಗೆ ಎತ್ತಿಡಬೇಡಿ. ಮದುವೆ ಮನೆ, ಹೋಟೆಲುಗಳಲ್ಲಿ ಹೆಚ್ಚಿಟ್ಟ ಹಸಿ ಸಲಾಡನ್ನು ಹೆರಿಗೆಯವರೆಗೆ ಅವಳು ಮುಟ್ಟದಿರುವುದು ಒಳ್ಳೆಯದು. ಅವಳ ವೈದ್ಯರು ಬೇರೆ ಏನಾದರೂ ಪಥ್ಯ ಹೇಳಿದ್ದರೆ ನನ್ನ ಮಾತು ಬಿಟ್ಟು ಅದನ್ನೇ ಪಾಲಿಸಿ.